ಸಂಜೆ ಐದೂವರೆಯ ಕಾಲುನೋವು

೨ ಅಕ್ಟೋಬರ್ ೧೯೬೧, ಸೋಮವಾರ

ಈ ಪುಸ್ತಕ ಎಸ್ತೆರ್ ಬಾಯಿ ತಂದುಕೊಟ್ಟದ್ದು. ನಲವತ್ತು ವರ್ಷಗಳ ಹಿಂದೆ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ನನಗೆ ಕನ್ನಡ ಅಕ್ಷರ ಕಲಿಸಿದವರು ಅವರೇ. ಈಗ ಟೀಚರ್ ಕೆಲಸ ಬಿಟ್ಟು ಬಿಕರ್ನಕಟ್ಟೆಯಲ್ಲಿದ್ದಾರೆ. ನಿನ್ನೆ ನನ್ನನ್ನು ನೋಡಲು ಬಂದವರು, ಮಂಚದಲ್ಲಿ ಬಿದ್ದುಕೊಂಡು ಎಲ್ಲರನ್ನೂ ಬೈಯುವ ಬದಲು ಇದರಲ್ಲಿ ಬರೆ ಬೀಫಾತಿಮ್ಮಾ ಎಂದರು. ಬೈಯಲು ಇರುವುದು ನೋಡಿದರೆ ಇನ್ನೂರು ಪುಟ ಸಾಲಲಿಕ್ಕಿಲ್ಲ.

ಮೊದಲನೆಯದು ಕಾಲು. ಹದಿನೈದು ದಿನಗಳ ಹಿಂದೆ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಮೂಳೆ ಮುರಿಯಿತು. ಡಾಕ್ಟರ್ ಡೆನಿಸ್ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ, ಎಂಟು ವಾರ ಮಹಡಿ ಇಳಿಯಬಾರದು ಎಂದು ಹೇಳಿ ಹೋಗಿದ್ದಾರೆ. ಮಧ್ಯಾಹ್ನದ ಊಟದ ತಟ್ಟೆಯನ್ನು ಅಣ್ಣ ಅಹ್ಮದ್ ಬಾವನೇ ಹೊತ್ತು ತರುತ್ತಾನೆ. ಪಾಚಿ ಉಜ್ಜಿಸದೆ ಇದ್ದದ್ದು ಅವನ ತಪ್ಪಂತೆ. ಹೌದು, ಅವನದೇ.

ಎರಡನೆಯದು ಪಕ್ಕದ ಗೋದಾಮು. ಅಜ್ಜನ ಅಜ್ಜ ನಮ್ಮ ಮನೆಗೆ ಗೋಡೆ ತಾಗಿಸಿ ಕಟ್ಟಿಸಿದ್ದು, ನೂರ ಇಪ್ಪತ್ತು ವರ್ಷವಾದರೂ ಆಗಿರಬೇಕು. ಮುರಕಲ್ಲಿನ ಗೋಡೆ, ಸಾಗುವಾನಿಯ ತೊಲೆ. ಬಂದರಿಗೆ ಬಂದ ಮೆಣಸು, ಖರ್ಜೂರ, ಅಕ್ಕಿ ಎಲ್ಲ ಇಲ್ಲಿಯೇ ಇಳಿಯುತ್ತಿತ್ತು. ವ್ಯಾಪಾರ ನಿಂತ ಮೇಲೆ ಹಂಚಿನ ಮಾಡು ಕುಸಿಯಲು ಶುರುವಾಯಿತು. ಕಳೆದ ಜನವರಿಯಲ್ಲಿ ಅಣ್ಣ ನನ್ನನ್ನು ಒಂದು ಮಾತು ಕೇಳದೆ ಅದನ್ನು ಒಂದು ವರ್ಷದ ಮಟ್ಟಿಗೆ ನಾಟಕದ ಸಂಘದವರಿಗೆ ಕೊಟ್ಟುಬಿಟ್ಟ. ರಿಪೇರಿ ಅವರದು, ಗದ್ದಲ ನನ್ನದು.

ಒಂದು ಸಮಾಧಾನ. ಮೀನಿನ ವ್ಯಾಪಾರದ ನೂರ್ ಮುಹಮ್ಮದ್ ಸಾಹೇಬರಿಗೆ ಈ ಜಾಗ ಬೇಕಾಗಿದೆ. ಕೆಡವಿ ಐಸ್ ಫ್ಯಾಕ್ಟರಿ ಕಟ್ಟುತ್ತಾರೆ. ಅರ್ಧ ಅಣ್ಣನದು, ಅರ್ಧ ನನ್ನದು. ಅಣ್ಣ ಒಪ್ಪಿದ್ದಾನೆ. ಕಾಲೂರಿ ನಡೆಯುವಂತಾದ ದಿನ ರಿಜಿಸ್ಟ್ರಾರ್ ಆಫೀಸಿಗೆ ಬಂದು ಸಹಿ ಹಾಕುತ್ತೇನೆಂದು ನಾನೂ ಮಾತು ಕೊಟ್ಟಿದ್ದೇನೆ. ಐಸ್ ಫ್ಯಾಕ್ಟರಿಯೂ ಸದ್ದು ಮಾಡುತ್ತದೆ, ಆದರೆ ಡೈಲಾಗ್ ಹೇಳುವುದಿಲ್ಲ.

೬ ಅಕ್ಟೋಬರ್, ಶುಕ್ರವಾರ

ನಾಟಕದವರು ಇವತ್ತು ತೊಲೆಗಳ ಧೂಳು ಹೊಡೆದರು. ಆ ತೊಲೆಗಳ ಮೇಲೆ ಮೂರು ತಲೆಮಾರಿನ ಒಣಮೆಣಸಿನ ಪುಡಿ ಕೂತಿದೆ ಎಂದು ಅವರಿಗೆ ಯಾರು ಹೇಳಬೇಕು? ಹನ್ನೆರಡು ಜನ ಒಟ್ಟಿಗೆ ಸೀನಿದರು. ರಸ್ತೆಯಲ್ಲಿ ಹೋಗುತ್ತಿದ್ದವರೂ ಸೀನಿದರು. ಮೇಲೆ ನಾನೂ ಐಸಮ್ಮನೂ ಸೀನಿದೆವು. ಐಸಮ್ಮ ನಮ್ಮ ಅಡಿಗೆಯವಳು, ನನ್ನದೇ ಪ್ರಾಯ, ನನಗಿಂತ ಜೋರಾಗಿ ಸೀನುತ್ತಾಳೆ. ಬಿದ್ದ ದಿನದಿಂದ ನಾನು ನಕ್ಕಿರಲಿಲ್ಲ. ನಕ್ಕದ್ದು ಮೆಣಸಿನ ದೆಸೆಯಿಂದ, ಅವರ ದೆಸೆಯಿಂದಲ್ಲ.

ಅವರು ಮಾಡುವುದೆಲ್ಲ ನನಗೆ ಕಾಣುತ್ತದೆ. ನನ್ನ ಕೋಣೆಯ ಗೋಡೆಯಲ್ಲಿ ಗೋದಾಮಿನೊಳಕ್ಕೆ ತೆರೆಯುವ, ಸಣ್ಣ ಸಣ್ಣ ಕಿಂಡಿಗಳ ಮರದ ಜಾಲಿ ಇದೆ. ಮನೆಯ ಹೆಂಗಸರು ಯಾರಿಗೂ ಕಾಣದ ಹಾಗೆ ತೂಕದ ಮೇಲೆ ಕಣ್ಣಿಡಲೆಂದು ಹಿಂದಿನವರು ಇಟ್ಟದ್ದು. ಕೆಳಗೆ ತೂಗುವವನು ಕೈಚಳಕ ತೋರಿಸಿದರೆ ನನ್ನ ಅಜ್ಜಿ ಜಾಲಿಗೆ ಕೋಲಿನಿಂದ ಒಮ್ಮೆ ಕುಟ್ಟುತ್ತಿದ್ದರು. ಅವನು ಮಾತಿಲ್ಲದೆ ಮತ್ತೆ ತೂಗಬೇಕು. ಅಜ್ಜಿಯ ಮುಖವನ್ನು ಬಂದರಿನಲ್ಲಿ ಯಾರೂ ನೋಡಿದವರಲ್ಲ, ಆದರೆ ಆ ಸದ್ದಿಗೆ ಎಲ್ಲರೂ ಹೆದರುತ್ತಿದ್ದರು.

೧೪ ಅಕ್ಟೋಬರ್, ಶನಿವಾರ

ಸಂಜೆ ಐದೂವರೆಗೆ ಪ್ರಾಕ್ಟೀಸ್ ಶುರುಮಾಡಿದ್ದಾರೆ. ಎಲ್ಲರೂ ಆಫೀಸು, ಅಂಗಡಿ ಮುಗಿಸಿ ಬರುವವರು. ಮಸೀದಿಯ ಬಾಂಗ್ ಆಗುವಾಗ ಕಾಲು ಗಂಟೆ ಬಾಯಿ ಮುಚ್ಚುತ್ತಾರೆ, ಅಷ್ಟು ಮರ್ಯಾದೆ ಇದೆ. ನಾಟಕ ಬರೆದು ಆಡಿಸುವವನು ಫಿಲಿಪ್ ಎಂಬ ಬ್ಯಾಂಕಿನ ಗುಮಾಸ್ತ. ಹೊಳೆ ದಾಟಿಸುವ ಕಡವಿನ ದೋಣಿಗಾಗಿ ಜಗಳಾಡುವ ಇಬ್ಬರು ಅಣ್ಣತಮ್ಮಂದಿರು, ನಡುವೆ ಒಬ್ಬಳು ತಾಯಿ, ಇದು ಕಥೆ. ತಾಯಿಯ ಪಾರ್ಟು ಎಡ್ವಿನ್ ಎಂಬವನದು. ಹಂಚಿನ ಕಾರ್ಖಾನೆಯಲ್ಲಿ ಕೆಲಸ, ಆರಡಿ ಎತ್ತರ, ಸೀರೆ ಉಟ್ಟರೆ ಹಡಗಿಗೆ ಹಾಯಿ ಕಟ್ಟಿದ ಹಾಗೆ.

ಎರಡನೆಯ ಅಂಕದಲ್ಲಿ ಜಗಳ ಮಾಡಿ ಬಂದ ಮಗನಿಗೆ ತಾಯಿ, "ಕುಮಾರಾ, ನಿನ್ನ ನಡತೆಯಿಂದ ನನ್ನ ಹೃದಯ ಒಡೆದಿದೆ" ಎಂದಳು. ನನಗೆ ತಡೆಯಲಾಗಲಿಲ್ಲ. ಊರುಗೋಲಿನಿಂದ ಜಾಲಿಗೆ ಒಮ್ಮೆ ಕುಟ್ಟಿದೆ.

ಎಲ್ಲರೂ ತಲೆಯೆತ್ತಿ ನೋಡಿದರು. ನಾನು ಕಾಣುವುದಿಲ್ಲವಲ್ಲ, ಆರಾಮವಾಗಿ ಕುಳಿತೆ.

೧೫ ಅಕ್ಟೋಬರ್, ಭಾನುವಾರ

ಗದ್ದಲಕ್ಕೆ ಸಿಟ್ಟು ಬಂದದ್ದೆಂದು ಫಿಲಿಪ್ ಮೆಟ್ಟಿಲ ಬುಡಕ್ಕೆ ಬಂದು ಐಸಮ್ಮನ ಮೂಲಕ ಕ್ಷಮೆ ಕೇಳಿದ. ಸಿಟ್ಟು ಗದ್ದಲಕ್ಕಲ್ಲ, ಸುಳ್ಳಿಗೆ ಎಂದು ಹೇಳಿ ಕಳಿಸಿದೆ. ಜಗಳಾಡಿ ಬಂದ ಮಗನ ಹತ್ತಿರ ಯಾವ ತಾಯಿಯೂ ಹೃದಯದ ಸುದ್ದಿ ಎತ್ತುವುದಿಲ್ಲ. "ಕೈಕಾಲು ತೊಳೆದು ಬಾ, ಗಂಜಿ ತಣಿಯುತ್ತದೆ" ಎನ್ನುತ್ತಾಳೆ. ಗಂಜಿ ಬಡಿಸುವಾಗ ಪಾತ್ರೆ ಸ್ವಲ್ಪ ಜೋರಾಗಿ ಇಡುತ್ತಾಳೆ, ಅಷ್ಟರಲ್ಲಿ ಅವನಿಗೆ ಗೊತ್ತಾಗಬೇಕು. ಐಸಮ್ಮ ಇಷ್ಟನ್ನೂ ಹೇಳಿ ಬಂದಳು. ಪಾತ್ರೆ ಇಡುವುದನ್ನು ಮಾಡಿಯೂ ತೋರಿಸಿದಳಂತೆ.

ಇನ್ನು ಇದರ ಗೊಡವೆ ನನಗೆ ಬೇಡ.

೨೭ ಅಕ್ಟೋಬರ್, ಶುಕ್ರವಾರ

ಗಂಜಿಯ ಮಾತು ಸೇರಿಸಿದ್ದಾರೆ. ಎಡ್ವಿನ್ ಪಾತ್ರೆ ಇಟ್ಟ ಸದ್ದು ನನ್ನ ಮಂಚದವರೆಗೂ ಬಂತು.

ಮತ್ತೆ ಹನ್ನೊಂದು ತಪ್ಪು ಮಾಡಿದರು. ಹನ್ನೊಂದು ಸಲ ಕುಟ್ಟಿದೆ. ಸಂಘದಲ್ಲಿ ನನಗೆ 'ಮೇಲಿನಮ್ಮ' ಎಂದು ಹೆಸರಿಟ್ಟಿದ್ದಾರಂತೆ. ದುರಹಂಕಾರಿಗಳು.

೪ ನವೆಂಬರ್, ಶನಿವಾರ

ಎಸ್ತೆರ್ ಬಾಯಿಗೆ ಹೇಳಿ ನಾಟಕದ ಒಂದು ಪ್ರತಿ ತರಿಸಿಕೊಂಡೆ. ತಪ್ಪು ಹಿಡಿಯಬೇಕಾದರೆ ಸರಿ ಯಾವುದೆಂದು ಗೊತ್ತಿರಬೇಕು. ಮೂರು ಅಂಕಗಳೂ ಈಗ ಬಾಯಿಪಾಠ. ಬೇಕೆಂದು ಮಾಡಿದ್ದಲ್ಲ, ದಿನಾ ಕೇಳಿದರೆ ಕಲ್ಲಿಗೂ ಬರುತ್ತದೆ.

ಇವರಲ್ಲಿ ಮರೆತ ಮಾತನ್ನು ಪರದೆಯ ಮರೆಯಿಂದ ಹೇಳಿಕೊಡುವ ಪ್ರಾಂಪ್ಟರ್ ಒಬ್ಬನಿದ್ದಾನೆ, ದರ್ಜಿ ಶೀನಪ್ಪ. ಒಳ್ಳೆಯ ಮನುಷ್ಯ, ಆದರೆ ಕಥೆ ಬಿಸಿಯಾದ ಹಾಗೆ ಅವನ ಕಣ್ಣು ಪುಸ್ತಕ ಬಿಟ್ಟು ನಟರ ಮೇಲೆ ಹೋಗುತ್ತದೆ. ನಾನು ಕುಟ್ಟಿದಾಗ ಎಲ್ಲರಿಗಿಂತ ಮೊದಲು ಬೆಚ್ಚುವವನು ಅವನು.

ಕೆಳಗೆ ಹೊಸ ಗಾರೆ ನೆಲ ಹಾಕಿ ಮುಗಿಯಿತು. ಒಡೆದ ಹಂಚುಗಳೆಲ್ಲ ಬದಲಾದವು. ಸುಣ್ಣ ಬಳಿದ ಗೋಡೆಯ ಮೇಲೆ ಸಂಜೆಯ ಬಿಸಿಲು ಬಿದ್ದರೆ ನನ್ನ ಕೋಣೆಗೂ ಬೆಳಕು ಬರುತ್ತದೆ. ಕೆಡವುವ ಕಟ್ಟಡಕ್ಕೆ ಇಷ್ಟು ಚಂದ ಮಾಡುವವರನ್ನು ಎಂತ ಹೇಳುವುದು.

೧೩ ನವೆಂಬರ್, ಸೋಮವಾರ

ಪ್ಲಾಸ್ಟರ್ ಕೊಯ್ದು ತೆಗೆದರು. ಕಾಲು ಸಪೂರವಾಗಿ ಬೇರೆ ಯಾರದ್ದೋ ಕಾಲಿನ ಹಾಗೆ ಕಂಡಿತು. ಡಾಕ್ಟರ್ ಡೆನಿಸ್ ಎಬ್ಬಿಸಿ ನಾಲ್ಕು ಹೆಜ್ಜೆ ಇಡಿಸಿದರು. ಮೂಳೆ ಚೆನ್ನಾಗಿ ಕೂಡಿದೆ, ಒಂದು ವಾರದಲ್ಲಿ ಮೆಟ್ಟಿಲಿಳಿಯಬಹುದು ಎಂದರು. ಅಣ್ಣನ ಮುಖ ಅರಳಿತು. ಹಾಗಾದರೆ ನೂರ್ ಮುಹಮ್ಮದ್ ಸಾಹೇಬರಿಗೆ ಹೇಳಿ ಕಳಿಸುತ್ತೇನೆ ಎಂದ.

ಆಗಲೇ ಹಿಮ್ಮಡಿಯಲ್ಲಿ ಒಂದು ಚಳಕು ಬಂತು. ಹೌದು, ಬಂತು. ಡಾಕ್ಟರಿಗೆ ಹೇಳಿದೆ. ಅವರು ಒತ್ತಿ ನೋಡಿ, ಇಲ್ಲಿ ನೋಯುವುದಕ್ಕೆ ಕಾರಣವೇ ಇಲ್ಲವಲ್ಲ ಎಂದರು. ನೋವಿಗೆ ಕಾರಣ ಹುಡುಕುವುದು ಅವರ ಕೆಲಸ, ನನ್ನದಲ್ಲ.

೧೪ ನವೆಂಬರ್, ಮಂಗಳವಾರ

ಕಾಲು ನೋವು. ಐದೂವರೆಗೆ ಹೆಚ್ಚು.

೨೨ ನವೆಂಬರ್, ಬುಧವಾರ

ಎಡ್ವಿನಿಗೆ ನಡೆಯಲು ಬರುವುದಿಲ್ಲ. ಕೊಡ ಸೊಂಟದಲ್ಲಿಟ್ಟ ಹೆಂಗಸು ಅವನ ಹಾಗೆ ಮೆರವಣಿಗೆ ಹೋಗುವುದಿಲ್ಲ. ಒಂದು ಬದಿಗೆ ವಾಲಿ, ಇನ್ನೊಂದು ಕೈ ಬೀಸಿ, ಹೆಜ್ಜೆ ಚಿಕ್ಕದಾಗಿ ಇಡುತ್ತಾಳೆ. ಐಸಮ್ಮನಿಗೆ ಎಷ್ಟು ಹೇಳಿದರೂ ಅರ್ಥವಾಗಲಿಲ್ಲ. ಕೊನೆಗೆ ತಲೆದಿಂಬನ್ನು ಸೊಂಟಕ್ಕಿಟ್ಟುಕೊಂಡು ಕೋಣೆಯ ಈ ತುದಿಯಿಂದ ಆ ತುದಿಗೆ ಐದಾರು ಸಲ ನಡೆದು ತೋರಿಸಿದೆ.

ಐಸಮ್ಮ ನನ್ನ ಕಾಲು ನೋಡಿದಳು, ಮೂಲೆಯಲ್ಲಿದ್ದ ಊರುಗೋಲು ನೋಡಿದಳು, ಕೆಳಗೆ ಹೋಗಿ ಎಡ್ವಿನಿಗೆ ನಡೆದು ತೋರಿಸಿದಳು. ಅವನು ಮೂರನೆಯ ಸಲಕ್ಕೆ ಕಲಿತ. ಕೆಳಗಿನಿಂದ ಚಪ್ಪಾಳೆ ಕೇಳಿಸಿತು, ಐಸಮ್ಮ ಅದೆಲ್ಲ ತನಗೇ ಎಂದುಕೊಂಡಿದ್ದಾಳೆ.

ಅನಂತರ ಕಾಲು ನೋಯಿತು. ಅಣ್ಣ ಮಧ್ಯಾಹ್ನ ಊಟ ತಂದಾಗಲೇ ನೋಯುತ್ತಿತ್ತು ಎಂದು ಬರೆಯುವುದು ಮರೆತೆ.

೩೦ ನವೆಂಬರ್, ಗುರುವಾರ

ನಾಟಕ ಡಿಸೆಂಬರ್ ಒಂಬತ್ತಕ್ಕೆ, ಶನಿವಾರ. ಅದಾದ ಮೇಲೆ ಸಂಘದವರು ಖಾಲಿ ಮಾಡಬೇಕೆಂದು ಅಣ್ಣ ಹೇಳಿಬಿಟ್ಟಿದ್ದಾನೆ. ನನ್ನ ಕಾಲು ಯಾವಾಗ ಸರಿಯಾಗುತ್ತದೋ ಆಗ ಸಹಿ.

ಹೀಗೆ ಗೊತ್ತಾದ ಮೇಲೂ ಫಿಲಿಪ್ ಇವತ್ತು ಏಣಿ ಹತ್ತಿ ಹಿಂದಿನ ಗೋಡೆಗೆ ಎರಡನೆಯ ಕೈ ಸುಣ್ಣ ಬಳಿಯುತ್ತಿದ್ದ. ಹೇಗೂ ಬೀಳುವ ಗೋಡೆಗೆ ಯಾಕೆ ಎಂದು ಐಸಮ್ಮನಿಂದ ಕೇಳಿಸಿದೆ. "ಒಂಬತ್ತನೇ ತಾರೀಕಿಗೆ ಗೋಡೆ ಉಂಟಲ್ಲ" ಎಂದು ಹೇಳಿದನಂತೆ.

ಆ ಮಾತು ನನಗೆ ಬಹಳ ಬೇಸರ ತಂದಿತು. ಊಟ ಸೇರಲಿಲ್ಲ. ಹುಡುಗನ ಮೇಲೆ ಸಿಟ್ಟೂ ಬಂತು. ಸ್ವಲ್ಪ ಅತ್ತಿದ್ದರೆ, ಬೇಡಿಕೊಂಡಿದ್ದರೆ ನಾನು ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು.

೯ ಡಿಸೆಂಬರ್, ಶನಿವಾರ

ಬೆಳಗ್ಗಿನಿಂದ ಬೆಂಚು ಎಳೆಯುವ ಸದ್ದು. ಸಂಜೆ ನಮ್ಮ ಮನೆಯ ಹೆಂಗಸರೆಲ್ಲ ಮೇಲೆ ಬರುತ್ತಾರೆ. ನೂರ್ ಮುಹಮ್ಮದ್ ಸಾಹೇಬರ ಹೆಂಡತಿ ಮುಮ್ತಾಝ್ ಕೂಡ ಬರುತ್ತಾಳಂತೆ. ಜಾಲಿಯ ಹತ್ತಿರದ ಜಾಗ ನನ್ನದು ಎಂದು ಈಗಲೇ ಹೇಳಿಟ್ಟಿದ್ದೇನೆ. ಎದೆ ಹೊಡೆದುಕೊಳ್ಳುತ್ತಿದೆ, ನಾನೇ ಆಡುವವಳ ಹಾಗೆ. ಬಿಸಿಲಿನದ್ದಿರಬೇಕು.

೧೦ ಡಿಸೆಂಬರ್, ಭಾನುವಾರ

ನಿನ್ನೆಯದನ್ನು ಸರಿಯಾಗಿ ಬರೆದಿಡಬೇಕು.

ಮುನ್ನೂರು ಜನ ಇದ್ದರು. ಮುಂದಿನ ಸಾಲಿನಲ್ಲಿ ಅಣ್ಣ, ಅವನ ಪಕ್ಕ ನೂರ್ ಮುಹಮ್ಮದ್ ಸಾಹೇಬರು, ಆಚೆಗೆ ಡಾಕ್ಟರ್ ಡೆನಿಸ್. ಮೇಲೆ ನಾವು ಹದಿನಾರು ಹೆಂಗಸರು, ಒಂದೇ ಜಾಲಿಗೆ ಮೂತಿ ತಾಗಿಸಿಕೊಂಡು. ನೆಲಗಡಲೆ ಜಗಿಯುವುದನ್ನು ನಿಲ್ಲಿಸಿ ಎಂದು ಎರಡು ಸಲ ಗದರಿಸಬೇಕಾಯಿತು. ಗಂಜಿಯ ಪಾತ್ರೆ ಇಟ್ಟಾಗ ಮುಮ್ತಾಝ್ ನನ್ನ ತೋಳು ಹಿಡಿದುಕೊಂಡಳು. ಎರಡು ಅಂಕ ಮುಗಿಯುವವರೆಗೆ ಕೋಲು ಎತ್ತುವ ಸಂದರ್ಭವೇ ಬರಲಿಲ್ಲ.

ಮೂರನೆಯ ಅಂಕದಲ್ಲಿ ಅಣ್ಣತಮ್ಮಂದಿರು ಗರಗಸ ತಂದು ದೋಣಿಯನ್ನು ನಡುವೆ ಕೊಯ್ಯಲು ಹೊರಡುತ್ತಾರೆ. ತಾಯಿ ಬಂದು ದೋಣಿಯೊಳಗೆ ಕೂತುಬಿಡುತ್ತಾಳೆ. ಆಮೇಲೆ ಅವಳು ಹೇಳುವ ಒಂದೇ ಮಾತಿನ ಮೇಲೆ ನಾಟಕ ನಿಂತಿದೆ. ಎಡ್ವಿನ್ ಬಂದ, ಕೂತ, ಬಾಯಿ ತೆರೆದ. ಮಾತು ಬರಲಿಲ್ಲ.

ಪರದೆಯ ಬದಿಯಲ್ಲಿ ಶೀನಪ್ಪ ನನಗೆ ಕಾಣುತ್ತಿದ್ದ. ಅವನು ಪುಸ್ತಕ ನೋಡುತ್ತಿರಲಿಲ್ಲ, ಮೇಲುವಸ್ತ್ರದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ನಾನು ಕುಟ್ಟಿದೆ. ಅವನು ಗಾಬರಿಯಿಂದ ಪುಟ ಮಗುಚಿದ, ಎರಡು ಪುಟ ಒಟ್ಟಿಗೆ ಹೋಯಿತು. ಮತ್ತೆ ಕುಟ್ಟಿದೆ. ಕುಟ್ಟಿದರೆ ತಪ್ಪಾಯಿತೆಂದು ಗೊತ್ತಾಗುತ್ತದೆ, ಸರಿ ಯಾವುದೆಂದು ಗೊತ್ತಾಗುವುದಿಲ್ಲವಲ್ಲ. ಇಷ್ಟು ದಿನ ಇದು ನನಗೆ ಹೊಳೆದಿರಲಿಲ್ಲ. ಎಡ್ವಿನ್ ನನ್ನ ಕಡೆಗೆ ತಲೆಯೆತ್ತಿದ. ಆರಡಿ ಗಂಡಸಿನ ಮುಖ ಅಷ್ಟು ಚಿಕ್ಕದಾದದ್ದನ್ನು ನಾನು ನೋಡಿರಲಿಲ್ಲ. ಕೆಳಗೆ ಯಾರೋ ನಗಲು ಶುರುಮಾಡಿದರು.

ಆಮೇಲೆ ನನಗೆ ನೆನಪಿರುವುದು ಮೆಟ್ಟಿಲುಗಳು. ಹದಿನೇಳು ಮೆಟ್ಟಿಲು, ಅಡಿಗೆಮನೆಯ ಹಿಂದಿನ ಓಣಿ, ಗೋದಾಮಿನ ಪಕ್ಕದ ಬಾಗಿಲು. ಹೊಸ್ತಿಲಲ್ಲಿ ನಿಂತು, ಪರದೆಯ ಮರೆಯಿಂದ ಹೇಳಿದೆ: "ಕೊಯ್ಯಿರಿ ಮಕ್ಕಳೇ. ಅರ್ಧ ದೋಣಿಯಲ್ಲಿ ಯಾರು ದಾಟುತ್ತೀರಿ, ನೋಡುವ."

ಎಡ್ವಿನ್ ಹೇಳಿದ. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದ. ನಗು ನಿಂತಿತು. ಗರಗಸ ನೆಲಕ್ಕೆ ಬಿದ್ದ ಸದ್ದು ಕೇಳಿದ ಮೇಲೆ ನಾನು ಉಸಿರುಬಿಟ್ಟೆ. ಅಂಥ ಸಂತೋಷ ನನಗೆ ಯಾವ ಹಬ್ಬದಲ್ಲೂ ಆದದ್ದಿಲ್ಲ.

ತಿರುಗಿ ಬರುವಾಗ ಮೆಟ್ಟಿಲ ಬುಡದಲ್ಲಿ ಅಣ್ಣ ನಿಂತಿದ್ದ. ಮಹಡಿಯಲ್ಲಿ ಯಾರೋ ಬಿದ್ದರೆಂದುಕೊಂಡು ಓಡಿ ಬಂದಿದ್ದನಂತೆ. ನನ್ನ ಕಾಲು ನೋಡಿದ. ಊರುಗೋಲು ಮೇಲೆಯೇ ಉಳಿದಿತ್ತು.

"ಕಾಲು ಸರಿಯಾಯಿತು ಕಾಣ್ತದೆ. ಮಂಗಳವಾರ ರಿಜಿಸ್ಟ್ರಾರ್ ಆಫೀಸಿಗೆ ಹೋಗುವ" ಎಂದ. ಅಷ್ಟೇ ಹೇಳಿ ಒಳಗೆ ಹೋದ.

ಮೇಲೆ ಬಂದಾಗ ಕೆಳಗೆ ಚಪ್ಪಾಳೆ ನಿಂತಿರಲಿಲ್ಲ. ಎಡ್ವಿನ್ ಸೆರಗು ಸರಿಮಾಡಿಕೊಂಡು ಜಾಲಿಯ ಕಡೆಗೆ ಕೈಮುಗಿದ. ನಾನು ಎಂತ ಮಾಡಿಕೊಂಡೆನೆಂದು ಆಗ ಗೊತ್ತಾಯಿತು. ನಾಟಕ ಉಳಿಯಿತು, ಗೋದಾಮು ಹೋಯಿತು.

೧೧ ಡಿಸೆಂಬರ್, ಸೋಮವಾರ

ನಡೆಯುವಂತಾದ ದಿನ ಸಹಿ ಹಾಕುತ್ತೇನೆಂದು ಹೇಳಿದವಳು ನಾನು. ನಡೆಯುವುದೇನು, ಓಡಿದ್ದೇನೆ. ಮಾತು ಕೊಟ್ಟು ಮುರಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಬೆಳಗ್ಗಿನಿಂದ ಇದನ್ನೇ ಯೋಚಿಸಿದೆ. ಮಾತು ಮುರಿಯಬಾರದು, ಸರಿ. ಆದರೆ ಯಾರಿಗೆ ಕೊಟ್ಟೆವೋ ಅವರ ಹತ್ತಿರ ಹಿಂದೆ ಕೇಳಬಾರದೆಂದು ಯಾರೂ ಹೇಳಿಲ್ಲವಲ್ಲ.

ಮಧ್ಯಾಹ್ನದ ನಮಾಜು ಮುಗಿಸಿ, ಐಸಮ್ಮನನ್ನು ಕರೆದುಕೊಂಡು ನೂರ್ ಮುಹಮ್ಮದ್ ಸಾಹೇಬರ ಮನೆಗೆ ನಡೆದುಕೊಂಡೇ ಹೋದೆ. ನನ್ನ ಆಯುಸ್ಸಿನಲ್ಲಿ ನಾನು ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ಗಂಡ ತೀರಿಕೊಂಡಾಗಲೂ ಕೇಳಲಿಲ್ಲ. ಮುಮ್ತಾಝ್ ಬಾಗಿಲಿನ ಪರದೆಯ ಈಚೆ ನನ್ನನ್ನು ಕೂರಿಸಿದಳು. ಆಚೆ ಸಾಹೇಬರು.

ಕಾಲು ಸರಿಯಾಗಿ ಒಂದು ತಿಂಗಳಾಯಿತು, ನಾನು ಸುಳ್ಳು ಹೇಳಿದೆ ಎಂದು ಮೊದಲು ಒಪ್ಪಿಕೊಂಡೆ. ಆಮೇಲೆ, "ನನ್ನ ಮಾತು ನನಗೆ ಹಿಂದೆ ಕೊಡಬೇಕು" ಎಂದೆ.

ಸಾಹೇಬರು, ನಲವತ್ತು ವರ್ಷದ ವ್ಯಾಪಾರದಲ್ಲಿ ಮಾತು ಮುರಿದವರನ್ನು ಬೇಕಾದಷ್ಟು ಕಂಡಿದ್ದೇನೆ, ಹಿಂದೆ ಕೇಳಲು ಬಂದವರನ್ನು ಕಂಡಿಲ್ಲ ಎಂದರು. ಯಾಕೆ ಬೇಕು ಎಂದು ಕೇಳಿದರು.

ದಾರಿಯಲ್ಲಿ ಅಜ್ಜನ ಅಜ್ಜ, ಸಾಗುವಾನಿಯ ತೊಲೆ, ಮನೆತನ ಎಂದೆಲ್ಲ ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಬೇರೆ. "ಗಂಡ ಹೋದ ಮೇಲೆ ಹನ್ನೊಂದು ವರ್ಷ ನಾನು ಸಂಜೆ ಆಗುವುದನ್ನು ನೋಡ್ತಾ ಕೂತಿದ್ದೆ ಸಾಹೇಬ್ರೆ, ದಿನ ಮುಗಿಯಲಿ ಅಂತ. ಈಗ ಬೆಳಿಗ್ಗೆ ಎದ್ದ ಕೂಡಲೇ ಸಂಜೆಗೆ ಕಾಯ್ತೇನೆ. ಇನ್ನೂ ಸ್ವಲ್ಪ ವರ್ಷ ಹಾಗೆ ಕಾಯ್ಬೇಕು ಅಂತ ಆಸೆ ಉಂಟು." ಇಷ್ಟು ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಐಸಮ್ಮ ನನಗಿಂತ ಮೊದಲೇ ಅಳುತ್ತಿದ್ದಳು.

ಪರದೆಯ ಆಚೆ ಕುರ್ಚಿ ಸರಿದ ಸದ್ದಾಯಿತು. "ಕೊಟ್ಟೆ. ಐಸಿಗೆ ನೀರು ಬೇಕು, ಬಂದರೇ ಬೇಕು ಅಂತ ಇಲ್ಲ. ಕೂಳೂರಿನ ಹೊಳೆಬದಿಯಲ್ಲಿ ಜಾಗ ನೋಡ್ತೇನೆ. ಆದರೆ ಕಾಲಿನ ವಿಷಯ ಅಹ್ಮದ್ ಬಾವನಿಗೆ ನೀವೇ ಹೇಳ್ಬೇಕು" ಎಂದರು.

ಅದು ಸಹಿಗಿಂತ ಕಷ್ಟದ ಕೆಲಸ. ಸಂಜೆ ಹೇಳಿದೆ. ಅಣ್ಣ ಗೋದಾಮಿನ ಸುದ್ದಿಯನ್ನೇ ಎತ್ತಲಿಲ್ಲ. "ಒಂದು ತಿಂಗಳು ನನ್ನಿಂದ ತಟ್ಟೆ ಹೊರಿಸಿದೆಯಲ್ಲ ಮಾರಾಯ್ತಿ. ನನಗೂ ಅರುವತ್ತು ಆಯ್ತು" ಎಂದ.

೧೬ ಡಿಸೆಂಬರ್, ಶನಿವಾರ

ಅಣ್ಣ ಮೂರು ದಿನ ಮಾತಾಡಲಿಲ್ಲ. ನಿನ್ನೆ ಮಾತಾಡಿದ. ಸಂಘದವರಿಗೆ ಗೋದಾಮು ಇನ್ನೂ ಐದು ವರ್ಷ ಇರಲಿ ಎಂದ. ಮಾಡಿನ ಕೆಲಸ ಅಷ್ಟು ಚೆನ್ನಾಗಿ ಬೇರೆ ಯಾರೂ ಮಾಡುವುದಿಲ್ಲವಂತೆ. ನಾಟಕದಲ್ಲಿ ಅವನೂ ಅತ್ತನೆಂದು ಡಾಕ್ಟರ್ ಡೆನಿಸ್ ಹೇಳಿದ್ದು ನನಗೆ ಗೊತ್ತಿದೆ.

ಹೊಸ ನಾಟಕ ಓದಲು ಕೂರುವ ದಿನ ಇವತ್ತು. ಪ್ರಾಂಪ್ಟರ್ ಕೆಲಸ ಮೇಲಿನಮ್ಮ ಮಾಡಬಹುದೇ ಎಂದು ಫಿಲಿಪ್ ಕೇಳಿ ಕಳಿಸಿದ್ದ. ಶೀನಪ್ಪ ತಾನಾಗಿಯೇ ಬಿಟ್ಟುಕೊಟ್ಟಿದ್ದಾನೆ, ಅವನಿಗೆ ಆರಾಮವಾಗಿ ಕುಳಿತು ಅಳಬೇಕಂತೆ. ಗಂಡಸರ ನಡುವೆ ನೀನು ಹೋಗುವುದು ಹೇಗೆ ಎಂದು ಅಣ್ಣ ತಕರಾರು ತೆಗೆದ. ಪ್ರಾಂಪ್ಟರ್ ಎಂದರೆ ಯಾರಿಗೂ ಕಾಣದ ಹಾಗೆ ಪರದೆಯ ಹಿಂದೆ ಕೂರುವವರು, ಗೋಷಾದಲ್ಲಿ ಇರುವವರಿಗೆ ಇದಕ್ಕಿಂತ ಯೋಗ್ಯವಾದ ಕೆಲಸ ಊರಿನಲ್ಲಿ ಇನ್ನೊಂದಿಲ್ಲ ಎಂದೆ. ಅಣ್ಣ ಸ್ವಲ್ಪ ಗೊಣಗಿದ. ಆಮೇಲೆ ತಾನೇ ನನ್ನ ಕುರ್ಚಿ ಹೊತ್ತು ಕೆಳಗಿಳಿಸಿದ.

ಪಕ್ಕದ ಬಾಗಿಲಿನ ಹತ್ತಿರ ಹೋಗಿ ನಿಂತೆ. ಒಳಗೆ ಹೋಗಲು ಒಂದು ಹೆಜ್ಜೆ. ಅರ್ಧ ನನ್ನದು, ಅರ್ಧ ನನ್ನದು ಎಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದೇನೆ. ಆದರೆ ನಮ್ಮ ಮನೆಯ ಹೆಂಗಸರು ಗೋದಾಮನ್ನು ಮೇಲಿನಿಂದ ನೋಡಿದವರು, ಅಷ್ಟೇ. ಅಜ್ಜಿಯೂ ಅಷ್ಟೇ, ತಾಯಿಯೂ ಅಷ್ಟೇ. ಐವತ್ತನಾಲ್ಕು ವರ್ಷಗಳಲ್ಲಿ ನಾನು ಒಮ್ಮೆಯೂ ಅದರ ನೆಲ ತುಳಿದಿರಲಿಲ್ಲ. ನಾಟಕದ ಶನಿವಾರವೂ ಹೊಸ್ತಿಲು ದಾಟಿರಲಿಲ್ಲ.

ಚಪ್ಪಲಿ ಬಿಚ್ಚಿಟ್ಟು ಒಳಗೆ ಹೋದೆ. ನೆಲ ತಂಪಾಗಿತ್ತು.